‘ನೀವೂ ನಮ್ಮವರೇ ಅಲ್ವಾ’ ಅಂದೆ, ಡಬ್ಬಿ ಮುಚ್ಚಿಕೊಂಡು ಎದ್ದುಹೋದ: ಮಾರಿಷಸ್‌ನಲ್ಲಿ ನಾನು ಎಡವಿದ್ದು ಎಲ್ಲಿ?

ಎರಡು ಸೂಟ್‌ಕೇಸ್ (ಪ್ರಶ್ನೆ)

ಕೆಲಸದ ಮೇಲೆ ಮಾರಿಷಸ್‌ಗೆ ಬಂದು ಏಳು ತಿಂಗಳಾಯಿತು. ಎಬೆನ್‌ನಲ್ಲಿ ಆಫೀಸು. ಪಕ್ಕದ ಸೀಟಿನವನು ಇಲ್ಲಿಯವನೇ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಬಸ್ಸಿನ ದಾರಿ ಎಲ್ಲಕ್ಕೂ ನನ್ನ ಜೊತೆ ಓಡಾಡಿದವನು ಅವನೇ. ಅವನ ಹೆಸರು ಕೇಳಿದರೆ ಸಾಕು, ಮುತ್ತಜ್ಜ ಯಾವ ಕಡೆಯಿಂದ ಬಂದವನು ಎಂದು ಗೊತ್ತಾಗುತ್ತದೆ. ಮನೆಯ ದೇವರಗೂಡಿನಲ್ಲಿ ಮುರುಗನ ಪಟ ಇದೆ. ತೈಪೂಸಂ ದಿನ ಅವನ ಅಪ್ಪ ಕಾವಡಿ ಹೊರುತ್ತಾರೆ. ಆದರೆ ಮನೆಯಲ್ಲಿ ಯಾರಿಗೂ ತಮಿಳು ಮಾತಾಡಲು ಬರುವುದಿಲ್ಲ. ಎಲ್ಲರದೂ ಇಲ್ಲಿಯ ಆಡುಭಾಷೆ ಕ್ರೆಯೋಲ್.

ಕಳೆದ ವಾರ ಊಟ ಮಾಡುತ್ತಾ ಪ್ರೀತಿಯಿಂದಲೇ ಅಂದೆ, ‘ಎಷ್ಟಾದರೂ ನೀವೂ ನಮ್ಮವರೇ ಅಲ್ವಾ.’ ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ‘ಮೋ ಮೋರಿಸ್ಯೆಂ’ ಅಂದ. ನಾನು ಮಾರಿಷಸ್‌ನವನು ಅಂತ. ಡಬ್ಬಿ ಮುಚ್ಚಿಕೊಂಡು ಎದ್ದುಹೋದ. ಅಂದಿನಿಂದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತು.

ನನಗೆ ಎರಡು ವಿಷಯ ಅರ್ಥವಾಗುತ್ತಿಲ್ಲ. ನಾನು ಆಡಿದ್ದರಲ್ಲಿ ತಪ್ಪೇನು? ಇನ್ನೊಂದು, ಇದು ಮೂಲನಿವಾಸಿಗಳೇ ಇಲ್ಲದ ದ್ವೀಪ. ಯಜಮಾನನೂ ಹಡಗಿನಲ್ಲಿ ಬಂದವನು, ಕೂಲಿಯವನೂ ಹಡಗಿನಲ್ಲಿ ಬಂದವನು. ಹಾಗಿರುವಾಗ ಈ ‘ಮೋರಿಸ್ಯೆಂ’ ಎಂಬುದು ಹುಟ್ಟಿದ್ದು ಎಲ್ಲಿಂದ?

ಮೋಕಾದಲ್ಲಿದ್ದವಳು

ಒಂಬತ್ತು ವರ್ಷ ಅಲ್ಲಿದ್ದೆ. ಲೆಕ್ಕಪತ್ರದ ಕೆಲಸ. ನಾನೂ ಇದೇ ಮಾತು ಆಡಿ ಇದೇ ಮುಖ ನೋಡಿದ್ದೇನೆ, ಹಾಗಾಗಿ ಜಾಸ್ತಿ ಬೇಜಾರು ಮಾಡಿಕೊಳ್ಳಬೇಡಿ.

ನೀವು ಕೂತಿರುವ ಜಾಗದಿಂದಲೇ ಶುರು ಮಾಡೋಣ. ಎಬೆನ್ ಅಂದರೆ ಕರಿಮರ. ಡಚ್ಚರು 1598ರಲ್ಲಿ ಬಂದು ತಮ್ಮ ರಾಜಕುಮಾರ ಮೌರಿಟ್ಸ್‌ನ ಹೆಸರನ್ನು ದ್ವೀಪಕ್ಕೆ ಇಟ್ಟರು. 1638ರಲ್ಲಿ ನೆಲೆ ಹೂಡಿ ಈ ಕರಿಮರವನ್ನೇ ಕಡಿದು ಸಾಗಿಸಿದರು. ಜಾವಾದಿಂದ ಕಬ್ಬು ತಂದು ನೆಟ್ಟರು. ಡೋಡೋ ಹಕ್ಕಿಯ ಕಥೆ ಮುಗಿದದ್ದೂ ಆ ಶತಮಾನದಲ್ಲೇ. 1710ರಲ್ಲಿ ಬಿಟ್ಟು ಹೊರಟರು. 1715ರಲ್ಲಿ ಫ್ರೆಂಚರು ಬಂದು ‘ಈಲ್ ದ ಫ್ರಾನ್ಸ್’ ಎಂದು ಹೆಸರು ಬದಲಿಸಿದರು. 1810ರಲ್ಲಿ ಬ್ರಿಟಿಷರು ಗೆದ್ದರು, ಹಳೆ ಹೆಸರು ವಾಪಸ್ ಬಂತು. ಆದರೆ ಫ್ರೆಂಚ್ ತೋಟದ ಮಾಲೀಕರ ಕಾನೂನು, ಧರ್ಮ, ಆಸ್ತಿಗೆ ಕೈ ಹಾಕುವುದಿಲ್ಲ ಎಂದು ಶರಣಾಗತಿಯ ಕರಾರಿನಲ್ಲೇ ಒಪ್ಪಿಕೊಂಡರು. ಅದಕ್ಕೇ ಇವತ್ತಿಗೂ ಪೇಪರು ಹೆಚ್ಚಾಗಿ ಫ್ರೆಂಚಿನಲ್ಲಿ ಬರುತ್ತದೆ, ಸಂಸತ್ತಿನ ಅಧಿಕೃತ ಭಾಷೆ ಇಂಗ್ಲಿಷ್, ಸಿವಿಲ್ ಕಾನೂನು ನೆಪೋಲಿಯನ್ನನದು, ಕೊನೆಯ ಅಪೀಲು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ.

ಈಗ ಹೆಸರಿನ ವಿಷಯ. ‘ಹೆಸರು ಕೇಳಿದರೆ ಸಾಕು’ ಅಂದಿರಲ್ಲ, ಅಲ್ಲೇ ನಾನೂ ಎಡವಿದ್ದು.

1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗಿನಲ್ಲಿ 36 ಜನ ಭಾರತೀಯ ಕೂಲಿಗಳು ಪೋರ್ಟ್ ಲೂಯಿಗೆ ಇಳಿದರು. ಐದು ವರ್ಷದ ಕರಾರು, ತಿಂಗಳಿಗೆ 5 ರೂಪಾಯಿ. ಆಮೇಲಿನ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಬಂದವರು ನಾಲ್ಕೂವರೆ ಲಕ್ಷದಷ್ಟು. ಬಂದರಿನ ಹತ್ತಿರ ಆಪ್ರವಾಸಿ ಘಾಟ್ ಇದೆ, ನೋಡಿರುತ್ತೀರಿ. ಇಳಿದವರು ಹತ್ತುತ್ತಿದ್ದ ಹದಿನಾರು ಮೆಟ್ಟಿಲು ಈಗಲೂ ಇವೆ. ಹತ್ತಿದವರಿಗೆಲ್ಲ ಒಂದೊಂದು ನಂಬರ್ ಕೊಟ್ಟು ದೊಡ್ಡ ರಿಜಿಸ್ಟರಿನಲ್ಲಿ ಬರೆದುಕೊಂಡರು. ಆ ರಿಜಿಸ್ಟರುಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ.

ನನ್ನ ಮನೆ ಒಡತಿಯ ಜೊತೆ ಅಲ್ಲಿಗೆ ಹೋಗಿದ್ದೆ. ಅವರಿಗೆ ಗೊತ್ತಿದ್ದದ್ದು ಮುತ್ತಜ್ಜನ ನಂಬರ್ ಮಾತ್ರ. ಹಳೆಯ ಮದುವೆ ಕಾಗದದ ಮೂಲೆಯಲ್ಲಿ ಯಾರೋ ಬರೆದಿಟ್ಟಿದ್ದರು. ನಾನು ಜೀವನವಿಡೀ ಲೆಡ್ಜರ್ ನೋಡಿದವಳು. ಇದೂ ಲೆಡ್ಜರೇ. ನಂಬರ್, ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತು, ಹತ್ತಿದ ಬಂದರು, ಕಳಿಸಿದ ತೋಟ. ಸರಕಿನ ದಾಖಲೆ ಬರೆದ ಹಾಗೇ ಇದೆ. ಗುಮಾಸ್ತನ ಕಿವಿಗೆ ಫ್ರೆಂಚ್ ಅಭ್ಯಾಸ, ಬಂದವನ ಬಾಯಲ್ಲಿ ತೆಲುಗೋ ತಮಿಳೋ ಭೋಜಪುರಿಯೋ. ‘ಮುತ್ತು’ ಎಂದಿದ್ದು ‘ಮೂಟೂ’ ಆಯಿತು. ಚಿನ್ನತಂಬಿಯ ‘ಚಿ’ ಹೋಗಿ ‘ಸಿ’ ಬಂತು. ಬಂದವನಿಗೆ ಓದಲು ಬಾರದು, ತಿದ್ದುವವರು ಯಾರು? ಅವನ ಒಂಟಿ ಹೆಸರೇ ಮಕ್ಕಳ ಕಾಲಕ್ಕೆ ಮನೆತನದ ಹೆಸರಾಗಿ ಅಂಟಿತು. ಒಡತಿಯ ಮುತ್ತಜ್ಜ ಮತ್ತು ಅವನ ತಮ್ಮ ಒಂದೇ ಹಡಗಿನಲ್ಲಿ ಬಂದವರು. ಇವತ್ತು ಆ ಎರಡು ಮನೆಗಳ ಸರ್‌ನೇಮು ಬೇರೆ ಬೇರೆ. ತಾವು ದಾಯಾದಿಗಳು ಎಂದು ಹೆಚ್ಚಿನವರಿಗೆ ಗೊತ್ತೂ ಇರಲಿಲ್ಲ.

ಫೋಟೋ ಸಿಕ್ಕಿತು. ಬಿಟ್ಟಗಣ್ಣಿನಿಂದ ನೋಡುತ್ತಿರುವ ಒಬ್ಬ ತೆಳ್ಳನೆಯ ಹುಡುಗ. ಒಡತಿ ಅಳಲಿಲ್ಲ. ಕನ್ನಡಕ ಏರಿಸಿ ನೋಡಿ ‘ಕಿವಿ ನನ್ನ ಮಗನದೇ’ ಅಂದರು, ಅಷ್ಟೇ. ಆ ಫೋಟೋ ಕೂಡ ಪ್ರೀತಿಗೆ ತೆಗೆದದ್ದಲ್ಲ. 1860ರ ದಶಕದಲ್ಲಿ ಒಂದು ಕಾನೂನು ಬಂತು. ಕರಾರು ಮುಗಿಸಿದವನೂ ಫೋಟೋ ಇರುವ ಚೀಟಿ ಇಟ್ಟುಕೊಂಡೇ ತಿರುಗಬೇಕು. ಇಲ್ಲದಿದ್ದರೆ ಅಲೆಮಾರಿ ಎಂದು ಹಿಡಿದು ಒಳಗೆ ಹಾಕುತ್ತಿದ್ದರು.

ಬಂದರಿನ ಕಾಲಮ್ಮು ಇನ್ನೂ ವಿಚಿತ್ರ. ಮದ್ರಾಸಿನಲ್ಲಿ ಹಡಗು ಹತ್ತಿದವನ ಊರು, ಭಾಷೆ ಏನೇ ಇರಲಿ, ಇಲ್ಲಿ ಅವನು ‘ಮದ್ರಾಸ್’. ಇವತ್ತಿಗೂ ಕ್ರೆಯೋಲಿನಲ್ಲಿ ತಮಿಳು ಮೂಲದವರನ್ನು ಹಾಗೇ ಕರೆಯುತ್ತಾರೆ. ‘ಮಲ್ಬಾರ್’ ಅಂದರೆ ಉತ್ತರದ ಕಡೆಯ ಹಿಂದೂ! ಮಲಬಾರಿಗೂ ಅವರಿಗೂ ಸಂಬಂಧವೇ ಇಲ್ಲ. ಪಕ್ಕದ ರೆಯೂನಿಯನ್ ದ್ವೀಪದಲ್ಲಿ ಅದೇ ಪದ ತಮಿಳು ಮೂಲದವರಿಗೆ ಅಂಟಿದೆ. ಅಲ್ಲಿಯವರಂತೂ 1946ರಿಂದ ಫ್ರಾನ್ಸಿನದೇ ಒಂದು ಜಿಲ್ಲೆಯವರು, ಅದು ಬೇರೆಯೇ ಕಥೆ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಕ್ರೆಯೋಲ್. ಹೆಸರು ಗುಮಾಸ್ತ ಕೊಟ್ಟದ್ದು, ಸಮುದಾಯದ ಹಣೆಪಟ್ಟಿ ಸರ್ಕಾರ ಕೊಟ್ಟದ್ದು. ಈ ಭಾಷೆಯನ್ನು ಮಾತ್ರ ಯಾರೂ ಕೊಡಲಿಲ್ಲ. ಮಡಗಾಸ್ಕರ್, ಮೊಜಾಂಬಿಕ್ ಕಡೆಯಿಂದ ಹಿಡಿದು ತಂದ ಗುಲಾಮರು ಯಜಮಾನನ ಫ್ರೆಂಚನ್ನು ಕೇಳಿಸಿಕೊಂಡು ತಮಗೆ ಬೇಕಾದ ಹಾಗೆ ಕಟ್ಟಿಕೊಂಡರು. ಫ್ರೆಂಚಿನ ‘ಲಾ ಮೇರ್’ ಇವರ ಬಾಯಲ್ಲಿ ‘ಲಾಮೇರ್’ ಎಂಬ ಒಂದೇ ಪದವಾಯಿತು, ಸಮುದ್ರ. ನೀರು ‘ದಿಲೋ’. ಆಮೇಲೆ ಬಂದ ಭಾರತೀಯರು, ಚೀನಿಯರು ಅದನ್ನೇ ಕಲಿತರು. ಬಿಳಿ ಮಾಲೀಕರ ಮಕ್ಕಳೂ ಆಯಾಗಳಿಂದ ಅದನ್ನೇ ಕಲಿತರು. ಶಾಲೆಯಲ್ಲಿ ಬಹಳ ಕಾಲ ಅದಕ್ಕೆ ಜಾಗವಿರಲಿಲ್ಲ, ‘ಕೆಟ್ಟ ಫ್ರೆಂಚ್’ ಎಂದು ಮೂಗು ಮುರಿಯುತ್ತಿದ್ದರು. ಪ್ರಾಥಮಿಕ ಶಾಲೆಯಲ್ಲಿ ಪಾಠವಾಗಿ ಸೇರಿದ್ದು 2012ರಲ್ಲಿ. ನಿಮ್ಮ ಗೆಳೆಯ ಉತ್ತರ ಕೊಟ್ಟದ್ದು ಯಾವ ಭಾಷೆಯಲ್ಲಿ, ಗಮನಿಸಿದಿರಾ?

ಹಾಗೆಂದು ಅವರಿಗೆ ಹಿಂದಿನದು ಬೇಡ ಎಂದಲ್ಲ. 1998ರಲ್ಲಿ ಹೊಸ ನೋಟುಗಳು ಬಂದವು. ಅದರಲ್ಲಿ ತಮಿಳಿನ ಸಾಲಿಗಿಂತ ಮೇಲೆ ಹಿಂದಿಯ ಸಾಲು ಅಚ್ಚಾಗಿತ್ತು. ಹಳೆಯ ನೋಟಿನಲ್ಲಿ ತಮಿಳು ಮೇಲಿತ್ತು. ಗಲಾಟೆಯೋ ಗಲಾಟೆ. ಕೊನೆಗೆ ನೋಟನ್ನೇ ವಾಪಸ್ ಪಡೆದು ಹೊಸದಾಗಿ ಅಚ್ಚು ಹಾಕಿಸಿದರು. ತಮಿಳು ಮಾತಾಡಲು ಬಾರದವರೇ ಬೀದಿಗಿಳಿದಿದ್ದು. ಲೆಕ್ಕದವಳಾಗಿ ಖರ್ಚು ನೆನೆದು ನನಗೆ ಎದೆ ಧಸಕ್ಕೆಂದಿತು, ಒಡತಿ ಮಾತ್ರ ‘ಸರಿಯಾಗಿಯೇ ಮಾಡಿದರು’ ಅಂದರು.

ಅವರ ಮನಸ್ಸಿನಲ್ಲಿ ಭಾರತ ಇದೆ. ಆದರೆ ಅದು ಅವರದೇ ಭಾರತ. ನೀವು ಬಂದು ಅದಕ್ಕೆ ಸೀಲು ಹಾಕಿಕೊಡಲು ಹೋದಿರಿ, ಅಷ್ಟೇ ಆಗಿದ್ದು.

ಹಳೇ ನಕ್ಷೆ

ಮೇಡಂ ಚೆನ್ನಾಗಿ ಬರೆದಿದ್ದಾರೆ. ಆದರೆ ನಾವು ಭಾರತದಿಂದ ನೋಡುವಾಗ ಯಾವಾಗಲೂ ಕೂಲಿಗಳ ಕಥೆಯೇ ಮುಂದೆ ಬರುತ್ತದೆ, ಗುಲಾಮರದು ಒಂದು ಪ್ಯಾರಾ. ಕೂಲಿಗಳನ್ನು ತಂದದ್ದೇ ಗುಲಾಮಗಿರಿ ಮುಗಿಯುತ್ತಿತ್ತು ಎಂಬ ಕಾರಣಕ್ಕೆ. ಅದು ಕಾನೂನಿನ ಪ್ರಕಾರ ನಿಂತದ್ದು 1835ರ ಫೆಬ್ರವರಿ 1ರಂದು. ಪರಿಹಾರದ ಹಣ ಸಿಕ್ಕಿದ್ದು ಯಜಮಾನರಿಗೆ, ‘ಆಸ್ತಿ’ ಕಳೆದುಕೊಂಡರಲ್ಲ! ಬಿಡುಗಡೆಯಾದವರು ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ 1839ರವರೆಗೆ ಅದೇ ಯಜಮಾನನಿಗೆ ದುಡಿದರು. ಅವರ ವಂಶದವರಲ್ಲಿ ಎಷ್ಟೋ ಜನರಿಗೆ ಮೆಟ್ಟಿಲೂ ಇಲ್ಲ, ನಂಬರೂ ಇಲ್ಲ, ಫೋಟೋವೂ ಇಲ್ಲ. ಲೆ ಮೋರ್ನ್ ಬೆಟ್ಟವಿದೆ, ತಪ್ಪಿಸಿಕೊಂಡು ಓಡಿದವರು ಅಡಗಿದ್ದ ಜಾಗ.

ಇನ್ನೊಂದು. ಚುನಾವಣೆಯಲ್ಲಿ ನಿಲ್ಲುವವರು ಹಿಂದೂ, ಮುಸ್ಲಿಂ, ಚೀನೀ ಮೂಲದವರು, ‘ಜನರಲ್ ಪಾಪ್ಯುಲೇಷನ್’ ಎಂಬ ನಾಲ್ಕರಲ್ಲಿ ಒಂದನ್ನು ಹೇಳಬೇಕು. ಬದುಕುವ ರೀತಿ ನೋಡಿದರೆ ಮೊದಲ ಮೂರಕ್ಕೂ ಸೇರದವರೆಲ್ಲ ‘ಜನರಲ್ ಪಾಪ್ಯುಲೇಷನ್’. ಗುಲಾಮರ ಮೊಮ್ಮಕ್ಕಳೂ ಅದರಲ್ಲೇ, ಅವರನ್ನು ಕೊಂಡಿದ್ದ ಮಾಲೀಕರ ಮೊಮ್ಮಕ್ಕಳೂ ಅದರಲ್ಲೇ! ಸ್ವಾತಂತ್ರ್ಯ ಬರುವ ಹೊತ್ತಿಗೆ ಸಂವಿಧಾನದಲ್ಲಿ ಸೇರಿದ ಈ ಪಟ್ಟಿಗೆ ಇಂದಿಗೂ 1972ರ ಜನಗಣತಿಯೇ ಆಧಾರ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ‘ಮೂಲನಿವಾಸಿಗಳೇ ಇಲ್ಲದ ದ್ವೀಪ’ ಎಂಬುದು ಮಾರಿಷಸ್ ಮಟ್ಟಿಗೆ ನಿಜ. ಆದರೆ ಈ ಮಾತನ್ನು ಆಡುವಾಗ ಮಾರಿಷಸ್‌ಗೇ ಸೇರಿದ್ದ ಚಾಗೋಸ್ ದ್ವೀಪಗಳು ನೆನಪಿರಲಿ. ಅಲ್ಲಿಯೂ ಫ್ರೆಂಚರ ಕಾಲದಲ್ಲಿ ತೆಂಗಿನ ತೋಟಕ್ಕೆ ಗುಲಾಮರನ್ನು ತಂದು ಇಳಿಸಿದ್ದು. ಐದಾರು ತಲೆಮಾರು ಅಲ್ಲೇ ಹುಟ್ಟಿ, ಅಲ್ಲೇ ಮಣ್ಣಾದರು. 1965ರಲ್ಲಿ, ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೂರು ವರ್ಷ ಮೊದಲು, ಬ್ರಿಟನ್ ಆ ದ್ವೀಪಗಳನ್ನು ಕತ್ತರಿಸಿ ಇಟ್ಟುಕೊಂಡಿತು. ಅವುಗಳಲ್ಲೊಂದಾದ ಡಿಯೇಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆ ಆಗಬೇಕಿತ್ತು. ಅಲ್ಲಿರುವವರು ಕರಾರಿನ ಮೇಲೆ ಬಂದ ಕೆಲಸಗಾರರು, ಕಾಯಂ ನಿವಾಸಿಗಳಲ್ಲ ಎಂದು ಕಾಗದದಲ್ಲಿ ತೋರಿಸಿದರು. 1968ರಿಂದ 1973ರೊಳಗೆ ಸಾವಿರದೈನೂರಕ್ಕೂ ಹೆಚ್ಚು ಜನರನ್ನು ಖಾಲಿ ಮಾಡಿಸಿದರು. ಅವರ ಸಾಕುನಾಯಿಗಳನ್ನು ಹೊಗೆ ಹಾಕಿ ಕೊಂದರು. ಹೆಚ್ಚಿನ ಜನರನ್ನು ತಂದು ಇಳಿಸಿದ್ದು ಪೋರ್ಟ್ ಲೂಯಿಯ ಬಂದರಿನಲ್ಲಿ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ಕತ್ತರಿಸಿದ್ದೇ ತಪ್ಪು ಎಂದು ಅಭಿಪ್ರಾಯ ಕೊಟ್ಟಿತು. 2025ರ ಮೇ ತಿಂಗಳಲ್ಲಿ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. ಸೇನಾ ನೆಲೆಗೆ ಮಾತ್ರ 99 ವರ್ಷದ ಗುತ್ತಿಗೆ.

ಸುಮ್ನೆ ಕೇಳ್ದೆ

ಎಲ್ಲ ಸರಿ. ಆದರೆ ಕೂಲಿಗಳು ಒಪ್ಪಿ ಹೆಬ್ಬೆಟ್ಟು ಒತ್ತಿ ಹೋದವರು ತಾನೇ? ಊರಲ್ಲಿ ಬರ, ಸಾಲ. ಅಲ್ಲಿ ಹೋದ ಮೇಲೆ ಮೊಮ್ಮಕ್ಕಳು ಪ್ರಧಾನಿಯಾದರು. ಲಾಭವೇ ಆಯಿತಲ್ವಾ?

ಮೋಕಾದಲ್ಲಿದ್ದವಳು

ಲಾಭ ನಷ್ಟ ನನ್ನ ಕಸುಬು, ಹಾಗಾಗಿ ಹೇಳುತ್ತೇನೆ. ‘ಡಬಲ್ ಕಟ್’ ಎಂದು ಒಂದಿತ್ತು. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಎರಡು ದಿನದ ಕೂಲಿ ಕಡಿತ. ಜ್ವರ ಬಂದು ಮಲಗಿದವನು ತಿಂಗಳ ಕೊನೆಗೆ ಮಾಲೀಕನಿಗೇ ಬಾಕಿ ಬೀಳುತ್ತಿದ್ದ. ಕರಾರು ಮುಗಿದ ಮೇಲೆ ಊರಿಗೆ ಕಳಿಸುವ ಹಡಗಿನ ಖರ್ಚನ್ನೂ 1850ರ ದಶಕದಲ್ಲಿ ನಿಲ್ಲಿಸಿದರು. ಎಷ್ಟೋ ಜನ ಉಳಿದದ್ದು ಅದಕ್ಕೇ. ಗುಲಾಮಗಿರಿಯಷ್ಟು ಕೆಟ್ಟದ್ದೇ ಎಂದರೆ ಅಲ್ಲ. ಇವರನ್ನು ಮಾರುವಂತಿರಲಿಲ್ಲ, ಕರಾರಿಗೊಂದು ಕೊನೆ ಇತ್ತು. ಆದರೆ ಮೊಮ್ಮಗ ಪ್ರಧಾನಿಯಾದದ್ದನ್ನು ಅಜ್ಜನ ಖಾತೆಗೆ ಜಮಾ ಮಾಡಬೇಡಿ.

ಹಳೇ ನಕ್ಷೆಯವರು ಹೇಳಿದ್ದು ಒಪ್ಪಿದೆ. ಒಂಬತ್ತು ವರ್ಷದಲ್ಲಿ ನಾನು ಆಪ್ರವಾಸಿ ಘಾಟಿಗೆ ಆರು ಸಲ ಹೋದೆ, ಲೆ ಮೋರ್ನ್‌ಗೆ ಒಂದೇ ಸಲ. ಅದೂ ಸಮುದ್ರಸ್ನಾನಕ್ಕೆ.

ಎರಡು ಸೂಟ್‌ಕೇಸ್

ಎಲ್ಲರಿಗೂ ಧನ್ಯವಾದ. ನಿನ್ನೆ ಅವನ ಹತ್ತಿರ ಹೋಗಿ ‘ತಪ್ಪಾಯಿತು’ ಅಂದೆ. ‘ಯಾವುದಕ್ಕೆ?’ ಅಂತ ಕೇಳಿದ, ಪರೀಕ್ಷೆ ಮಾಡುವವನ ಹಾಗೆ. ‘ನಿನ್ನ ಹೆಸರು ನೋಡಿ ಎಲ್ಲ ಗೊತ್ತು ಅಂದುಕೊಂಡೆ’ ಅಂದೆ. ಆಗ ನಕ್ಕ. ಅವನ ತಾಯಿಯ ತಾಯಿ ರೋಡ್ರಿಗ್ಸ್ ದ್ವೀಪದ ಕ್ರೆಯೋಲ್ ಹೆಂಗಸಂತೆ, ಅಂದರೆ ಗುಲಾಮರ ವಂಶದವರು. ತೈಪೂಸಂ ದಿನ ಗಂಡನಿಗಿಂತ ಮೊದಲು ಎದ್ದು ಹೂವು ಕಟ್ಟುತ್ತಿದ್ದರಂತೆ, ಭಾನುವಾರ ಚರ್ಚಿಗೆ ಹೋಗುತ್ತಿದ್ದರಂತೆ. ‘ನೀನು ಒಬ್ಬ ಅಜ್ಜನನ್ನು ಮಾತ್ರ ಎಣಿಸಿದೆ, ಉಳಿದ ಮೂವರು ಎಲ್ಲಿ ಹೋದರು?’ ಎಂದ. ಏಳು ತಿಂಗಳಿಂದ ಪಕ್ಕದಲ್ಲಿ ಕೂತವನು, ನಾನು ಕೇಳಿಯೇ ಇರಲಿಲ್ಲ.

ಮೇಡಂ, ಮೋಕಾದ ರಿಜಿಸ್ಟರ್ ವಿಷಯ ಅವನಿಗೆ ಹೇಳಿದೆ. ಹುಡುಕಿಸಬೇಕು ಅಂತಿದ್ದಾನೆ. ಏನೇನು ತೆಗೆದುಕೊಂಡು ಹೋಗಬೇಕು?

ಮೋಕಾದಲ್ಲಿದ್ದವಳು

ಅಪ್ಪನ ಕಡೆಯ ಹಳೆಯ ಜನನ, ಮದುವೆಯ ದಾಖಲೆ ಎಷ್ಟು ಸಿಗುತ್ತದೋ ಅಷ್ಟೂ ಒಯ್ಯಲಿ. ನಂಬರ್ ಇದ್ದರೆ ಕೆಲಸ ಸುಲಭ. ಹೆಸರನ್ನು ನಾಲ್ಕೈದು ಥರ ಬರೆದು ಹುಡುಕಿ, ಒಂದೇ ಸ್ಪೆಲ್ಲಿಂಗ್ ನಂಬಬೇಡಿ.

ಅಜ್ಜಿಯ ಕಡೆಯದು ಅಲ್ಲಿ ಸಿಗುವುದಿಲ್ಲ. ಗುಲಾಮರ ಪಟ್ಟಿಗಳು ಬೇರೆ ಇವೆ, ಬ್ರಿಟಿಷರು ಬರೆಸಿದ್ದು. ಆದರೆ ಅವುಗಳಲ್ಲಿ ಹೆಸರುಗಳಿರುವುದು ಯಜಮಾನನ ಹೆಸರಿನ ಕೆಳಗೆ, ಆಸ್ತಿಯ ಲೆಕ್ಕವಾಗಿ. ಯಜಮಾನ ಯಾರೆಂದು ಗೊತ್ತಿದ್ದರೆ ಮಾತ್ರ ಹುಡುಕಲು ದಾರಿ. ಅಜ್ಜಿಯ ಮನೆಯಲ್ಲಿ ಯಾರಿಗಾದರೂ ಆ ಹೆಸರು ಗೊತ್ತಿದೆಯಾ ಕೇಳಲಿ. ಮೆಲ್ಲಗೆ ಕೇಳಲು ಹೇಳಿ.