ಚಳಿಗಾಲದಲ್ಲಿ ಛಾಯಾಗ್ರಹಣಕ್ಕೆ ವಸ್ತುಗಳನ್ನು ಹುಡುಕಿಕೊಳ್ಳುವುದು ಹೇಗೆ?

ಪ್ರಶ್ನೆ: ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಹವ್ಯಾಸಕ್ಕಾಗಿ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದೇನೆ. ಹೂವು, ಕೀಟ, ಹಸಿರು ಬಯಲು, ಸಂಜೆಯ ಬೀದಿಯಲ್ಲಿ ಓಡಾಡುವ ಜನ, ಇವು ನನ್ನ ಮೆಚ್ಚಿನ ವಸ್ತುಗಳು. ಚಳಿಗಾಲ ಬಂತೆಂದರೆ ಇವೆಲ್ಲವೂ ಒಟ್ಟಿಗೆ ಕೈತಪ್ಪಿ ಹೋಗುತ್ತವೆ. ಮರಗಳು ಬೋಳಾಗುತ್ತವೆ, ಕೀಟಗಳು ಕಾಣಸಿಗುವುದಿಲ್ಲ, ಆಕಾಶ ದಿನವಿಡೀ ಬೂದಿ ಬಣ್ಣದಲ್ಲಿರುತ್ತದೆ ಮತ್ತು ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕತ್ತಲು ಕವಿದಿರುತ್ತದೆ. ಹೀಗಾಗಿ ಪ್ರತಿ ವರ್ಷವೂ ಕ್ಯಾಮೆರಾ ಕಪಾಟು ಸೇರುತ್ತದೆ.

ನನ್ನ ಬಳಿ ಇರುವುದು ಒಂದು ಸಾಧಾರಣ ಝೂಮ್ ಲೆನ್ಸ್, ಒಂದು 50 ಎಂ.ಎಂ. ಲೆನ್ಸ್, ಒಂದು ಪೋಲರೈಸರ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ, ಲೆನ್ಸಿನ ಮುಂದೆ ತಿರುಗಿಸಬಹುದಾದ ಗಾಜು) ಮತ್ತು ಟ್ರೈಪಾಡ್. ಹೊಸ ಉಪಕರಣ ಕೊಳ್ಳುವ ಅಥವಾ ದೂರದ ಪ್ರವಾಸ ಹೋಗುವ ಯೋಚನೆಯಿಲ್ಲ. ಇಷ್ಟರಲ್ಲೇ ಈ ತಿಂಗಳುಗಳನ್ನು ಸಾರ್ಥಕವಾಗಿ ಕಳೆಯುವ ದಾರಿಗಳನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಓರೆಬಿಸಿಲು

ವಸ್ತುಗಳು ಕಡಿಮೆಯಾದವು ಎಂದು ಬರೆದಿದ್ದೀರಿ. ಆದರೆ ಚಳಿಗಾಲದಲ್ಲಿ ನಿಜವಾಗಿ ಬದಲಾಗುವುದು ಬೆಳಕು. ಆದ್ದರಿಂದ ವಸ್ತುವನ್ನು ಮೊದಲು ಹುಡುಕಿ ಆಮೇಲೆ ಬೆಳಕಿಗೆ ಕಾಯುವ ಅಭ್ಯಾಸವನ್ನು ತಿರುಗಿಸಿ, ಆ ದಿನದ ಬೆಳಕು ಎಂಥದ್ದೆಂದು ನೋಡಿ ಅದಕ್ಕೆ ತಕ್ಕ ವಸ್ತುವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಬಿಸಿಲಿನ ದಿನವನ್ನೇ ತೆಗೆದುಕೊಳ್ಳಿ. 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಭಾಗದ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಸುಮಾರು 27 ಡಿಗ್ರಿಗಿಂತ ಮೇಲೇರುವುದಿಲ್ಲ. ಅಂದರೆ ಹೊತ್ತು ನೆತ್ತಿಗೇರಬೇಕಾದ ವೇಳೆಯಲ್ಲೂ ಕಂಬದ ನೆರಳು ಕಂಬದ ಎರಡರಷ್ಟು ಉದ್ದವಿರುತ್ತದೆ. ಅದೇ ಜಾಗದಲ್ಲಿ ಜೂನ್ ತಿಂಗಳ ನಡುಹಗಲಿನ ನೆರಳು ಕಂಬದ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು ಹುಡುಕಬೇಕಾದ ಓರೆಬೆಳಕು ಚಳಿಗಾಲದಲ್ಲಿ ದಿನದ ಬಹುಪಾಲು ತಾನಾಗಿಯೇ ದೊರೆಯುತ್ತದೆ. (ಭೂಮಧ್ಯರೇಖೆಗೆ ಹತ್ತಿರವಿರುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು.) ಗೋಡೆಯ ಗಾರೆ, ಮರದ ತೊಗಟೆ, ಉತ್ತ ನೆಲ, ಹಳೆಯ ಬಾಗಿಲಿನ ಬಿರುಕು ಮೊದಲಾದ ಮೇಲ್ಮೈಗಳ ಉಬ್ಬುತಗ್ಗುಗಳನ್ನು ಎತ್ತಿ ತೋರಿಸುವುದು ಈ ಓರೆಬೆಳಕೇ. ಬೀದಿಯ ಜನರನ್ನು ತೆಗೆಯುವ ನಿಮಗೆ, ನೆಲದ ಮೇಲೆ ಚಾಚಿಕೊಂಡ ಅವರ ನೆರಳುಗಳೇ ಒಂದು ಚಿತ್ರಮಾಲೆಗೆ ಸಾಕಾಗಬಹುದು.

ಇನ್ನು ಮೋಡ ಮುಸುಕಿದ ದಿನ. ಬೂದಿ ಆಕಾಶ ಚಿತ್ರದ ಚೌಕಟ್ಟಿನೊಳಗೆ ಬಂದಾಗ ಮಾತ್ರ ತೊಂದರೆ ಕೊಡುತ್ತದೆ. ಅದನ್ನು ಹೊರಗಿಟ್ಟು ನೋಡಿದರೆ ಅದರಿಂದ ಇಳಿಯುವ ಬೆಳಕು ಮೃದುವಾಗಿ, ಗಡಸು ನೆರಳುಗಳಿಲ್ಲದೆ, ಮುಖಚಿತ್ರಕ್ಕೂ ಒಣಗಿದ ಬೀಜಕೋಶ, ಹಾವಸೆ, ಕಲ್ಲುಹೂಗಳಂತಹ ಸಣ್ಣ ವಸ್ತುಗಳಿಗೂ ಹೇಳಿ ಮಾಡಿಸಿದಂತಿರುತ್ತದೆ. ಬೋಳುಮರವನ್ನು ಬಿಳಿ ಆಕಾಶಕ್ಕೆ ಎದುರಾಗಿ ಕಪ್ಪುಬಿಳುಪಿನಲ್ಲಿ ತೆಗೆಯುವುದಾದರೆ ಆ ಆಕಾಶವೂ ಉಪಯೋಗಕ್ಕೆ ಬರುತ್ತದೆ: ಎಲೆಗಳು ಮರೆಮಾಡಿದ್ದ ಕೊಂಬೆಗಳ ರಚನೆ ಆಗ ಗೆರೆಚಿತ್ರದಂತೆ ಕಾಣುತ್ತದೆ. ಹಕ್ಕಿಗಳ ಮಾತೂ ಹೀಗೆಯೇ, ಎಲೆ ಉದುರಿದ ಮೇಲೆ ಅವುಗಳಿಗೆ ಮರೆ ಉಳಿಯುವುದಿಲ್ಲ.

ನನ್ನ ಮಟ್ಟಿಗೆ ಇಡೀ ಋತುವಿನ ಅತ್ಯುತ್ತಮ ಕೊಡುಗೆ ಮಂಜು. ದೂರದ ವಸ್ತುಗಳು ಹಂತಹಂತವಾಗಿ ಮಸುಕಾಗುವುದರಿಂದ ಆಳದ ಅನುಭವ ತಾನಾಗಿ ಮೂಡುತ್ತದೆ, ಹಿನ್ನೆಲೆಯ ಗೊಂದಲ ಅಳಿಸಿಹೋಗುತ್ತದೆ. ಶಾಂತವಾದ, ಮೋಡವಿಲ್ಲದ ರಾತ್ರಿಯ ಮರುದಿನ ಬೆಳಿಗ್ಗೆ ತಗ್ಗು ಪ್ರದೇಶಗಳಲ್ಲಿ, ನೀರಿನ ಆಸುಪಾಸಿನಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು. ನೆಲ ತನ್ನ ಶಾಖವನ್ನು ಕಳೆದುಕೊಂಡು ತಣ್ಣಗಾದಾಗ ಅದರ ಮೇಲಿನ ತೇವಭರಿತ ಗಾಳಿಯೂ ತಣಿದು ಮಂಜಾಗುತ್ತದೆ. ಕೊರೆವ ಚಳಿಯ ಊರುಗಳಲ್ಲಿ ಅಂಥದೇ ರಾತ್ರಿಗಳು ಹುಲ್ಲಿನ ಅಂಚುಗಳಿಗೆ ಹಿಮದ ಹರಳುಗಳನ್ನು ಕಟ್ಟುತ್ತವೆ. ಬಿಸಿಲು ತಾಗಿದ ಕೂಡಲೇ ಅವು ಕರಗತೊಡಗುವುದರಿಂದ ಸೂರ್ಯೋದಯಕ್ಕೆ ಮೊದಲೇ ಸ್ಥಳದಲ್ಲಿರಬೇಕು. ಮಂಜಿನಲ್ಲಿ ಆಟೋಫೋಕಸ್ ತಡಕಾಡಿದರೆ ಕಂಬ ಅಥವಾ ಕಾಂಡದಂತಹ ಸ್ಪಷ್ಟ ಅಂಚಿನ ಮೇಲೆ ಫೋಕಸ್ ಹಿಡಿಯಿರಿ.

ಮಂಜಾಗಲಿ ಹಿಮವಾಗಲಿ, ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತಾನು ಕಂಡದ್ದನ್ನೆಲ್ಲ ನಡುಬೂದಿಗೆ ಎಳೆಯುತ್ತದೆ. ಬಿಳಿ ಬಿಳಿಯಾಗಿಯೇ ಉಳಿಯಬೇಕಾದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಸೂಚಿಸಿದ್ದಕ್ಕಿಂತ ಚಿತ್ರವನ್ನು ಬೆಳಗಿಸುವ ಅಥವಾ ಮಂಕಾಗಿಸುವ ಹೊಂದಾಣಿಕೆ) ಅನ್ನು +1ರಿಂದ +2ರವರೆಗೆ ಏರಿಸಿ, ಹಿಸ್ಟೋಗ್ರಾಮ್ (ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯನ್ನು ತೋರಿಸುವ ನಕ್ಷೆ) ಬಲ ಅಂಚಿಗೆ ಬಡಿಯದಂತೆ ನೋಡಿಕೊಳ್ಳಬೇಕು.

ಉತ್ತರ: ಮೇಜಿನಮೇಲೆ

ಹೊರಗೆ ಹೋಗಲಾಗದ ದಿನಗಳಿಗಾಗಿ ಎರಡು ಪ್ರಯೋಗಗಳನ್ನು ಸೂಚಿಸುತ್ತೇನೆ.

ಪೋಲರೈಸರ್ ಇದೆ ಎಂದಿದ್ದೀರಿ. ಎಲ್‌ಸಿಡಿ ಪರದೆಯಿಂದ ಹೊರಬರುವ ಬೆಳಕು ಧ್ರುವೀಕೃತವಾದದ್ದು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಕಂಪ್ಯೂಟರಿನ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಕೋಣೆಯ ದೀಪ ಆರಿಸಿ, ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿ ಅಥವಾ ಚಮಚವನ್ನು ಪರದೆಯ ಮುಂದೆ ಹಿಡಿದು, ಲೆನ್ಸಿನ ಮೇಲಿನ ಪೋಲರೈಸರನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಅಚ್ಚಿನಲ್ಲಿ ತಣಿಯುವಾಗ ಪ್ಲಾಸ್ಟಿಕ್ಕಿನೊಳಗೆ ಉಳಿದ ಒತ್ತಡಗಳು ಕಪ್ಪು ಹಿನ್ನೆಲೆಯ ಮೇಲೆ ಕಾಮನಬಿಲ್ಲಿನ ಪಟ್ಟೆಗಳಾಗಿ ಕಾಣುತ್ತವೆ. ಪರದೆಯ ಮೇಲೆ ನೇರವಾಗಿ ಫೋಕಸ್ ಮಾಡಿದರೆ ಅದರ ಚುಕ್ಕಿಗಳು ಚಿತ್ರದಲ್ಲಿ ಬರುವುದರಿಂದ ವಸ್ತುವನ್ನು ಸ್ವಲ್ಪ ಮುಂದಿಟ್ಟುಕೊಳ್ಳುವುದು ಮೇಲು.

ಎರಡನೆಯದು ಮಂಜುಗಡ್ಡೆ. ಅಗಲವಾದ ಪಾತ್ರೆಯಲ್ಲಿ ತೆಳುವಾಗಿ ನೀರು ಹಾಕಿ, ಒಣ ಎಲೆ ಅಥವಾ ಹೂವಿನ ಎಸಳುಗಳನ್ನು ಅದರಲ್ಲಿಟ್ಟು ಫ್ರೀಝರಿನಲ್ಲಿ ಗಟ್ಟಿಯಾಗಿಸಿ. ಆ ಹಲಗೆಯನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ನಿಲ್ಲಿಸಿ ಹಿಂಬೆಳಕಿನಲ್ಲಿ ತೆಗೆದರೆ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳೂ ಬಿರುಕುಗಳೂ ಎಸಳಿಗಿಂತ ಚೆನ್ನಾಗಿ ಕಾಣುವುದುಂಟು. ನಿಮ್ಮ 50 ಎಂ.ಎಂ. ಲೆನ್ಸಿಗೆ ಅಗ್ಗದ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಕೂರಿಸುವ ಟೊಳ್ಳು ಕೊಳವೆ) ಸಿಕ್ಕರೆ ಇನ್ನೂ ಹತ್ತಿರ ಹೋಗಬಹುದು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಹಿಮ ಬೀಳುವ ಕಡೆ ಇರುವವರಾದರೆ ಕಪ್ಪು ಉಣ್ಣೆಯ ಬಟ್ಟೆಯನ್ನು ಹೊರಗಿಟ್ಟು ತಣ್ಣಗಾಗಿಸಿ ಅದರ ಮೇಲೆ ಬಿದ್ದ ಹಿಮದ ಹರಳುಗಳನ್ನು ತೆಗೆಯಬಹುದು. ಅಮೆರಿಕದ ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಬೆಂಟ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಹಿಮಹರಳಿನ ಚಿತ್ರ ತೆಗೆದು, ತನ್ನ ಜೀವಮಾನದಲ್ಲಿ 5,000ಕ್ಕೂ ಹೆಚ್ಚು ಹರಳುಗಳನ್ನು ಸೆರೆಹಿಡಿದನು.

ಉತ್ತರ: ಒಂದೇಕಿಟಕಿ

ಮೇಲಿನ ಇಬ್ಬರ ಸಲಹೆಗಳೂ ಉಪಯುಕ್ತವೇ, ಆದರೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಇಂಥ ಪಟ್ಟಿಗಳು ಕೆಲವು ವಾರಗಳಲ್ಲಿ ಮುಗಿದುಹೋಗುತ್ತವೆ. ಪ್ಲಾಸ್ಟಿಕ್ ಚಮಚದ ಬಣ್ಣಗಳನ್ನು ಒಮ್ಮೆ ತೆಗೆದ ಮೇಲೆ ಅದರಲ್ಲಿ ನಿಮ್ಮದೆನ್ನುವುದು ಏನು ಉಳಿಯಿತು ಎಂಬ ಪ್ರಶ್ನೆ ಏಳುತ್ತದೆ, ಮತ್ತೆ ಹೊಸ ಉಪಾಯಕ್ಕಾಗಿ ಹುಡುಕಾಟ ಆರಂಭವಾಗುತ್ತದೆ. ಅದಕ್ಕಿಂತ ಒಂದೇ ವಸ್ತುವನ್ನು ಆರಿಸಿಕೊಂಡು ಇಡೀ ಚಳಿಗಾಲ ಅದರೊಂದಿಗೆ ಕಳೆಯುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ಅಭಿಪ್ರಾಯ.

ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸುದೆಕ್ ಅವರ ಕೆಲಸವನ್ನು ನೋಡಿ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಅವರು ಭಾರವಾದ ದೊಡ್ಡ ಕ್ಯಾಮೆರಾಗಳನ್ನು ಒಂದೇ ಕೈಯಲ್ಲಿ ನಿಭಾಯಿಸುತ್ತಿದ್ದರು. ನಗರ ನಾಟ್ಸಿಗಳ ವಶದಲ್ಲಿದ್ದ 1940ರಲ್ಲಿ ತಮ್ಮ ಸ್ಟುಡಿಯೋದ ಕಿಟಕಿಯನ್ನು ಚಿತ್ರಿಸತೊಡಗಿ 1954ರವರೆಗೂ ಅದನ್ನೇ ಮುಂದುವರಿಸಿದರು. ಗಾಜಿನ ಮೇಲೆ ಕಟ್ಟಿದ ನೀರಹನಿ, ಹಿಮದ ಪದರ, ಅದರಾಚೆ ಮಸುಕಾಗಿ ಕಾಣುವ ಅಂಗಳದ ಡೊಂಕುಮರ, ಕಿಟಕಿಯ ಕಟ್ಟೆಯ ಮೇಲಿನ ಒಂದು ಲೋಟ: ಇಷ್ಟೇ ಸಾಮಗ್ರಿ. ಚಿತ್ರದಿಂದ ಚಿತ್ರಕ್ಕೆ ಬದಲಾದದ್ದು ಹವಾಮಾನ, ಹೊತ್ತು ಮತ್ತು ನೋಡುವವರ ಚಿತ್ತ. ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಆಂದ್ರೆ ಕೆರ್ಟೆಸ್ ಕೂಡ 1952ರಿಂದ ತಮ್ಮ ಮನೆಯ ಮೇಲಿನಿಂದ ಕಾಣುತ್ತಿದ್ದ ಉದ್ಯಾನವನ್ನು ಟೆಲಿಫೋಟೋ ಲೆನ್ಸಿನಿಂದ ಮತ್ತೆ ಮತ್ತೆ ತೆಗೆದರು. ಹಿಮದ ಮೇಲಿನ ಹೆಜ್ಜೆಸಾಲುಗಳೂ ಬೋಳುಮರಗಳೂ ಆ ಚಿತ್ರಗಳಲ್ಲಿ ಪ್ರಸಿದ್ಧವಾಗಿವೆ.

ಒಂದು ಮರವೋ ಒಂದು ತಿರುವೋ ಒಂದು ಕಿಟಕಿಯೋ ಆಗಲಿ, ಆರಿಸಿಕೊಂಡದ್ದು ನೀವು ದಿನವೂ ಹಾದುಹೋಗುವ ದಾರಿಯಲ್ಲೇ ಇರಲಿ. ಇಲ್ಲದಿದ್ದರೆ ಚಳಿಯಲ್ಲಿ ಉತ್ಸಾಹ ಬೇಗ ಇಳಿಯುತ್ತದೆ. ಮೊದಲ ಕೆಲವು ಚಿತ್ರಗಳು ಎಲ್ಲರೂ ತೆಗೆಯುವಂಥವೇ ಆಗಿರುತ್ತವೆ. ಅವು ಮುಗಿದು ಬೇಸರ ಶುರುವಾದ ಮೇಲೆಯೇ ಕಣ್ಣು ಬೇರೆಯದನ್ನು ಹುಡುಕತೊಡಗುತ್ತದೆ, ಆದ್ದರಿಂದ ಬೇಸರ ಬಂದಾಗ ವಸ್ತುವನ್ನು ಬದಲಿಸಬೇಡಿ.

ಹವ್ಯಾಸಿ

ಎಲ್ಲರಿಗೂ ಧನ್ಯವಾದಗಳು. ಒಂದೇ ವಸ್ತುವಿನ ಸಲಹೆ ಮನಸ್ಸಿಗೆ ಹಿಡಿಸಿತು. ನಾನು ದಿನವೂ ದಾಟುವ ಒಂದು ಕಾಲುಸೇತುವೆಯಿದೆ, ಅದನ್ನೇ ಆರಿಸಿಕೊಳ್ಳುವ ಆಲೋಚನೆಯಲ್ಲಿದ್ದೇನೆ. ಆದರೆ ವಾರದ ದಿನಗಳಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಕತ್ತಲಲ್ಲಿ ಇದನ್ನು ಮುಂದುವರಿಸಬಹುದೇ? ಜೊತೆಗೆ ಚಳಿಯಲ್ಲಿ ಬ್ಯಾಟರಿ ಬೇಗ ಮುಗಿಯುವುದಕ್ಕೆ ಪರಿಹಾರವಿದ್ದರೆ ತಿಳಿಸಿ.

ಉತ್ತರ: ಮುಚ್ಚಂಜೆ

ಹೊತ್ತು ಮುಳುಗಿರುವುದು ನಿಮ್ಮ ಯೋಜನೆಗೆ ಅನುಕೂಲವೇ. ಸೂರ್ಯಾಸ್ತದ ನಂತರ ಆಕಾಶ ಗಾಢನೀಲಿಯಾಗಿರುವ ಸ್ವಲ್ಪ ಹೊತ್ತು ಆಕಾಶದ ಬೆಳಕೂ ದೀಪಗಳ ಬೆಳಕೂ ಸರಿಸಮನಾಗಿರುತ್ತವೆ. ಬೇಸಿಗೆಯಲ್ಲಿ ಆ ಹೊತ್ತು ತಡವಾಗಿ ಬರುವುದರಿಂದ ದಾರಿಗಳು ಅಷ್ಟರಲ್ಲಿ ಖಾಲಿಯಾಗತೊಡಗಿರುತ್ತವೆ. ಚಳಿಗಾಲದಲ್ಲಾದರೋ ಜನ ಮನೆಗೆ ಮರಳುವ ವೇಳೆಯಲ್ಲೇ ಅದು ಒದಗುತ್ತದೆ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇರಿಸಿ ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದರೆ ಸೇತುವೆ ನಿಶ್ಚಲವಾಗಿ, ನಡೆಯುವವರು ಮಸುಕು ಆಕೃತಿಗಳಾಗಿ ಕಾಣುತ್ತಾರೆ. ಆದರೆ ಇಕ್ಕಟ್ಟಾದ ಸೇತುವೆಯ ಮೇಲೆ ಟ್ರೈಪಾಡ್ ದಾರಿಗೆ ಅಡ್ಡವಾಗುವುದರಿಂದ ಅದರ ತುದಿಯಲ್ಲಿ ನಿಲ್ಲುವುದು ಒಳ್ಳೆಯದು. ಅಲ್ಲದೆ ಜನರ ನಡಿಗೆ ಸೇತುವೆಯನ್ನೇ ಅಲುಗಿಸುವುದುಂಟು.

ಪೂರ್ತಿ ಕತ್ತಲಾದ ಮೇಲೂ ಕೆಲಸವಿದೆ. ಉತ್ತರಾರ್ಧಗೋಳದ ಚಳಿಗಾಲದ ಆಕಾಶದಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ, ಕೃತ್ತಿಕೆ ನಕ್ಷತ್ರಗುಚ್ಛ, ಲುಬ್ಧಕ (ಸಿರಿಯಸ್) ನಕ್ಷತ್ರ ಇವೆ. ಮಹಾವ್ಯಾಧನ ಕೆಂಪು ಆರ್ದ್ರಾ ಮತ್ತು ನೀಲಿಬಿಳುಪಿನ ರೈಜೆಲ್ ನಕ್ಷತ್ರಗಳ ಬಣ್ಣದ ವ್ಯತ್ಯಾಸ ಸಾಧಾರಣ ಲೆನ್ಸಿಗೂ ಸಿಗುತ್ತದೆ. 500 ಅನ್ನು ಲೆನ್ಸಿನ ಪರಿಣಾಮಕಾರಿ ಫೋಕಲ್ ಲೆಂತ್‌ನಿಂದ (ಲೆನ್ಸಿನ ಎಂ.ಎಂ. ಅಂಕಿಯನ್ನು ಸೆನ್ಸರಿನ ಕ್ರಾಪ್ ಅಂಕಿಯಿಂದ ಗುಣಿಸಿದ್ದು) ಭಾಗಿಸಿದರೆ ನಕ್ಷತ್ರಗಳು ಗೆರೆಯಾಗದೆ ಉಳಿಯುವ ಗರಿಷ್ಠ ಸೆಕೆಂಡುಗಳ ಅಂದಾಜು ದೊರೆಯುತ್ತದೆ. 1.5 ಕ್ರಾಪ್ ಸೆನ್ಸರಿನ (ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಸೆನ್ಸರಿನ) ಮೇಲೆ 18 ಎಂ.ಎಂ. ಇದ್ದರೆ ಸುಮಾರು 18 ಸೆಕೆಂಡು. ಪ್ರತಿ ವರ್ಷ ಡಿಸೆಂಬರ್ 14ರ ಆಸುಪಾಸಿನಲ್ಲಿ ಉತ್ತುಂಗಕ್ಕೇರುವ ಜೆಮಿನಿಡ್ ಉಲ್ಕಾವೃಷ್ಟಿಗೆ ಚಂದ್ರನ ಬೆಳಕಿಲ್ಲದ ವರ್ಷವನ್ನು ನೋಡಿಕೊಳ್ಳಿ.

ಬ್ಯಾಟರಿಯ ವಿಚಾರ. ಚಳಿಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುವುದರಿಂದ ಅದು ಬೇಗ ಖಾಲಿಯಾದಂತೆ ತೋರಿಸುತ್ತದೆ. ಒಂದು ಹೆಚ್ಚುವರಿ ಬ್ಯಾಟರಿಯನ್ನು ಮೈಗೆ ತಾಗುವ ಒಳಜೇಬಿನಲ್ಲಿಟ್ಟುಕೊಂಡು ಅದಲುಬದಲು ಮಾಡುತ್ತಿರಿ. ಸತ್ತಿತೆಂದುಕೊಂಡ ಬ್ಯಾಟರಿ ಬೆಚ್ಚಗಾದ ಮೇಲೆ ಎಷ್ಟೋ ಸಲ ಮತ್ತೆ ನಡೆಯುತ್ತದೆ.

ಅದಕ್ಕಿಂತಲೂ ಹೆಚ್ಚು ಎಚ್ಚರ ಬೇಕಾದದ್ದು ಮನೆಗೆ ಮರಳುವಾಗ. ತಣ್ಣಗಾದ ಕ್ಯಾಮೆರಾ ಬೆಚ್ಚನೆಯ ಕೋಣೆಗೆ ಬಂದರೆ ಗಾಳಿಯ ತೇವ ಅದರ ಮೇಲೆ, ಕೆಲವೊಮ್ಮೆ ಲೆನ್ಸಿನ ಒಳಗೂ, ನೀರಾಗಿ ಕೂರುತ್ತದೆ. ಆದ್ದರಿಂದ ಹೊರಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಆಡದಂತೆ ಬಾಯಿ ಬಿಗಿದು, ಅದು ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಬಿಚ್ಚದೆ ಇಡಬೇಕು. ತೇವವೆಲ್ಲ ಚೀಲದ ಹೊರಮೈಗೆ ಅಂಟುತ್ತದೆ. ಚಿತ್ರಗಳನ್ನು ಕೂಡಲೇ ನೋಡುವ ಆತುರವಿದ್ದರೆ ಮೆಮೊರಿ ಕಾರ್ಡನ್ನು ಚೀಲ ಕಟ್ಟುವ ಮೊದಲೇ ತೆಗೆದಿಟ್ಟುಕೊಳ್ಳಿ.