ಅಪ್‌ಡೇಟ್: ಬಿಡಿಎಸ್‌ಗಾಗಿ ನೀಟ್ ಮತ್ತೆ ಬರೆಯುವ ತೀರ್ಮಾನ

ಹಾಸನದಿಂದ ನಾನು ಕೇಳಿದ ಪ್ರಶ್ನೆ ಇಷ್ಟು: ನೀಟ್‌ನಲ್ಲಿ 720ಕ್ಕೆ 318 ಬಂದಿದೆ, ಸರ್ಕಾರಿ ಕೋಟಾದ ಬಿಡಿಎಸ್ (ದಂತವೈದ್ಯ ಪದವಿ) ಸೀಟಿಗಾಗಿ ಇನ್ನೊಂದು ವರ್ಷ ಓದಬೇಕೇ? ಓದುವುದೆಂದೇ ತೀರ್ಮಾನ.

ಒಎಂಆರ್ (ಉತ್ತರ ಗುರುತಿಸುವ ಹಾಳೆ) ಪ್ರತಿಯನ್ನು ಕೀ ಉತ್ತರದ ಜೊತೆ ತಾಳೆ ನೋಡಿ ಎಂದವರಿಗೆ ಮನಸಾರೆ ಧನ್ಯವಾದ. 180ರಲ್ಲಿ 92 ಸರಿ, 50 ತಪ್ಪು, 38 ಖಾಲಿ. ಖಾಲಿ ಬಿಟ್ಟದ್ದು ಸರಿಯಾದರೆ 4 ಅಂಕ ಸಿಗುತ್ತದೆ. ತಪ್ಪಾದದ್ದು ಸರಿಯಾದರೆ 5, ಏಕೆಂದರೆ ಕಳೆದ ಒಂದಂಕವೂ ವಾಪಸ್ ಬರುತ್ತದೆ. ಜೀವಶಾಸ್ತ್ರದ 15 ತಪ್ಪುಗಳೂ ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳಿಂದಲೇ ಬಂದಿದ್ದವು, ಅಲ್ಲೇ 75 ಅಂಕ ಹೋಗಿದೆ. ಭೌತಶಾಸ್ತ್ರದ 24 ತಪ್ಪುಗಳಲ್ಲಿ ಹೆಚ್ಚಿನವು ಏಕಮಾನ ಬದಲಿಸುವಾಗ ಆದವು. ಸೂತ್ರ ಗೊತ್ತಿತ್ತು, ಸಮಯ ಸಾಲಲಿಲ್ಲ. ಹಾಗಾಗಿ ಭೌತಶಾಸ್ತ್ರಕ್ಕೆ ಸಮಯ ಉಳಿಯಲೆಂದು ಜೀವಶಾಸ್ತ್ರದ 90 ಪ್ರಶ್ನೆಗಳನ್ನು 50 ನಿಮಿಷಕ್ಕೆ ಮುಗಿಸುವ ಅಭ್ಯಾಸ ಶುರುವಾಗಿದೆ. ಅಣಕು ಪರೀಕ್ಷೆ ಭಾನುವಾರ ಮಧ್ಯಾಹ್ನ 2ರಿಂದ 5, ನಿಜವಾದ ಪರೀಕ್ಷೆಯ ಹೊತ್ತಿಗೇ.

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹೊರಡಿಸಿದ ಹಳೆಯ ಸೀಟು ಹಂಚಿಕೆ ಪಟ್ಟಿಗಳಲ್ಲಿ ನಿಮ್ಮ ಪ್ರವರ್ಗದ ಕೊನೆಯ ರ‍್ಯಾಂಕ್ ನೋಡಿ, ಅಂಕ ನೋಡಬೇಡಿ. ಪತ್ರಿಕೆ ಕಷ್ಟವಾದ ವರ್ಷ ಅದೇ ಅಂಕಕ್ಕೆ ಒಳ್ಳೆಯ ರ‍್ಯಾಂಕ್ ಬರುತ್ತದೆ.

ಖಾಸಗಿ ಸೀಟಿಗೆ ಸೇರಿಕೊಂಡೇ ಬರೆಯಿರಿ ಎಂಬ ಸಲಹೆಯನ್ನು ಬಿಟ್ಟೆ. ಮೊದಲ ವರ್ಷದಲ್ಲೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಜೊತೆಗೆ ಮೇಣದಲ್ಲಿ ಹಲ್ಲು ಕೆತ್ತುವ ಪ್ರಾಕ್ಟಿಕಲ್. ಅದರ ನಡುವೆ ಪಿಯು ಭೌತಶಾಸ್ತ್ರಕ್ಕೆ ಜಾಗವಿಲ್ಲ.

ಕನ್ನಡ ಪ್ರಶ್ನೆಪತ್ರಿಕೆ ಆರಿಸುವವರು ಇಂಗ್ಲಿಷ್ ಪದಗಳನ್ನೂ ಕಲಿತಿರಿ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ.