ವಾಟ್ಸಾಪಲ್ಲಿ ಬಂದ ಪೋಸ್ಟರನ್ನೇ ಟೀ ಶರ್ಟ್, ಮಗ್, ಗೋಡೆಗೆ ಹಾಕಿಸಬಹುದಾ?

ಮಂಡಗದ್ದೆ ಹಕ್ಕಿ:
ತೀರ್ಥಹಳ್ಳಿ ಸುತ್ತ ಶೂಟ್ ಮಾಡಿದ ಸಣ್ಣ ಸಿನಿಮಾ, ಜುಲೈ ಕೊನೆಗೆ ಶಿವಮೊಗ್ಗ, ಸಾಗರದಲ್ಲಿ ರಿಲೀಸ್. ಕೈಲಿರೋದು ಡಿಸೈನರ್ ವಾಟ್ಸಾಪ್ ಮಾಡಿದ ಜೆಪೆಗ್, 1080×1350. ಹಿಂದೆ ಮಂಜು, ನಡುವೆ ನಾಯಕನ ಮುಖ, ಕೆಳಗೆ ಟೈಟಲ್. ಇದರಲ್ಲೇ ಮಾರೋಕೆ 50 ಕಪ್ಪು ಟೀ ಶರ್ಟ್, 50 ಮಗ್, ಜೊತೆಗೆ 300 ಗೋಡೆ ಪೋಸ್ಟರ್ ಮಾಡಿಸಬಹುದಾ? ಡಿಸೈನರಿಗೆ ದುಡ್ಡು ಕೊಟ್ಟಾಗಿದೆ, ಮತ್ತೆ ಕೇಳಬೇಕಾ?

ನಾಲ್ಕು ಬಣ್ಣ:
ಆಗಲ್ಲ. 1080 ಪಿಕ್ಸೆಲ್ ಅಂದ್ರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 3.6 ಇಂಚು ಅಗಲ, ಸ್ಟಿಕ್ಕರಿಗೆ ಸರಿ. 20×30 ಇಂಚಿನ ಪೋಸ್ಟರಿಗೆ 150 ಡಿಪಿಐ ಹಿಡಿದರೂ 3000×4500 ಬೇಕು. ಎಐ ಆಪಲ್ಲಿ ಹಿಗ್ಗಿಸಿದರೆ ಮುಖ ಹೇಗೋ ಪಾಸಾಗುತ್ತೆ, ಕನ್ನಡದ ಒತ್ತಕ್ಷರ ಮಾತ್ರ ಕರಗಿ ಮುದ್ದೆ ಆಗುತ್ತೆ.

ಲೇಯರ್ ಇರುವ ಫೋಟೋಶಾಪ್ ಫೈಲ್, ಅಂದ್ರೆ ಪಿಎಸ್‌ಡಿ ಕೇಳಿ: ಟೈಟಲ್, ಮುಖ, ಮಂಜು ಮೂರೂ ಬೇರೆ ಬೇರೆ. ಟೈಟಲ್ ವೆಕ್ಟರಲ್ಲಿದ್ದರೆ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆ ಚಿತ್ರ) ಬ್ಯಾಡ್ಜಿಂದ ಕಟೌಟ್ ತನಕ ಅದೊಂದೇ ಸಾಕು. ಮೊಬೈಲಲ್ಲಿ ಮಿನುಗುವ ಕಾಡಿನ ಹಸಿರು ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಶಾಯಿಗೆ) ಹೋದ ಕೂಡಲೇ ಮಂಕಾಗುತ್ತೆ. 300 ಹೊಡೆಸುವ ಮೊದಲು ಒಂದು ಪ್ರೂಫ್ (ಮಾದರಿ ಪ್ರಿಂಟ್) ನೋಡಿ ಮಾರಾಯ್ರೆ.

ಹೀಟ್ ಪ್ರೆಸ್:
ಟೀ ಶರ್ಟಿಗೆ ಆ ಮಂಜೇ ತಲೆನೋವು. ಕಪ್ಪು ಬಟ್ಟೆ ಮೇಲೆ ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಟ್ಟೆಗೆ ಒತ್ತೋದು) ಮಾಡಿದಾಗ ಬಣ್ಣದಡಿ ಬಿಳಿ ಶಾಯಿ ಬೀಳುತ್ತೆ. ಮಂಜಿನ ತೆಳು ಅಂಚಿಗೂ ಅದು ಬಿದ್ದು ಸುಣ್ಣ ಮೆತ್ತಿದ ಹಾಗೆ ಕಾಣುತ್ತೆ. ಆ ಲೇಯರ್ ತೆಗೆಸಿ, ಇಲ್ಲಾ ಹಾಫ್‌ಟೋನ್ ಚುಕ್ಕಿ ಮಾಡಿಸಿ. ಇಡೀ ಪೋಸ್ಟರನ್ನ ಎ3 ಅಳತೆಗೆ ಎದೆ ಮೇಲೆ ಒತ್ತಿದರೆ ರಟ್ಟು ಕಟ್ಟಿಕೊಂಡ ಹಾಗಿರುತ್ತೆ. ಮುಖ, ಟೈಟಲ್ ಸಾಕು.

ನಮ್ಮ ಮಳೆಗಾಲದಲ್ಲಿ ಹತ್ತಿ ಬಟ್ಟೆ ಥಂಡಿ ಹಿಡಿದಿರುತ್ತೆ. ಮೊದಲು ಬರೀ ಬಟ್ಟೆನ 5–10 ಸೆಕೆಂಡ್ ಒತ್ತಿ ತೇವ ತೆಗೀಬೇಕು. ಆಮೇಲೆ 150–160 ಡಿಗ್ರಿಯಲ್ಲಿ 10–15 ಸೆಕೆಂಡ್. ಫಿಲ್ಮ್ ಎಳೆದ ಮೇಲೆ ಇನ್ನೊಮ್ಮೆ ಒತ್ತದಿದ್ದರೆ ನಾಲ್ಕು ಒಗೆತಕ್ಕೆ ಅಂಚು ಏಳುತ್ತೆ.

ಮಗ್ಗಿಗೆ ಸಬ್ಲಿಮೇಷನ್, ಅಂದ್ರೆ ಕಾಗದದ ಮೇಲಿನ ಶಾಯಿನ ಶಾಖದಲ್ಲಿ ಮಗ್ಗಿಗೆ ಇಳಿಸೋದು. 11 ಔನ್ಸಿನದಕ್ಕೆ ಸುಮಾರು 20×9 ಸೆಂ.ಮೀ. ಅಡ್ಡ ಜಾಗ, ಉದ್ದುದ್ದ ಪೋಸ್ಟರ್ ಕೂರಲ್ಲ, ಹೊಸದಾಗಿ ಜೋಡಿಸಲೇಬೇಕು. ಹಿಡಿಕೆ ಹತ್ತಿರ ಒತ್ತಡ ಕಮ್ಮಿ, ಬಣ್ಣ ಮಸುಕಾಗುತ್ತೆ. ಮುಖ ಅಲ್ಲಿಗೆ ತರಬೇಡಿ. ಪ್ರಿಂಟ್ ತೆಗೆಯುವಾಗ ಮಿರರ್ ಮಾಡೋದು ಮರೆತರೆ ಟೈಟಲ್ ಉಲ್ಟಾ.

ಕರಾರು ಪತ್ರ:
ಡಿಸೈನರನ್ನ ಕೇಳಲೇಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ಬಂತು ಅಂತ ನಂಬಿ ಕೂರಬೇಡಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪತ್ರದಲ್ಲಿ ‘ಪ್ರಚಾರ’ದ ಜೊತೆ ‘ಮಾರಾಟದ ವಸ್ತುಗಳು’ ಅಂತಲೂ ಇರಲಿ. ನಾಯಕನ ಕರಾರಲ್ಲೂ ಅದೇ ಮಾತು ಬೇಕು. ಮಂಜು ಸ್ಟಾಕ್ ಫೋಟೋ ಆಗಿದ್ದರೆ ಲೈಸೆನ್ಸ್ ಓದಿ. ಪ್ರಚಾರಕ್ಕೆ ಬಿಟ್ಟು ಮಗ್ ಮೇಲೆ ಮಾರೋಕೆ ಬಿಡದ ಲೈಸೆನ್ಸೇ ಜಾಸ್ತಿ.

ಮೈದಾ ಅಂಟು:
ಗೋಡೆ ಪೋಸ್ಟರನ್ನ ಆಫ್‌ಸೆಟ್ಟಲ್ಲೇ (ಪ್ಲೇಟ್ ಮಾಡಿ ಮೆಷಿನಲ್ಲಿ ಹೊಡೆಯೋ ಪ್ರಿಂಟ್) ಮಾಡಿಸಿ. ಅದರದ್ದು ಎಣ್ಣೆ ಶಾಯಿ, ಮಳೆಗೆ ಹರಿಯಲ್ಲ. ಮಾಮೂಲಿ ಇಂಕ್‌ಜೆಟ್ ಪ್ರಿಂಟ್ ಒಂದೇ ಜಡಿಗೆ ಇಳಿದು ಹೋಗುತ್ತೆ. ಪಾಚಿ ಕಟ್ಟಿದ ಗೋಡೆಗೆ ಮೈದಾ ಹಿಡಿಯಲ್ಲ, ಮಾಡಿನಡಿಯ ಒಣ ಗೋಡೆ ಹುಡುಕಿ. ಬೂಷ್ಟು ಬರಬಾರದು ಅಂತ ಅಂಟಿಗೆ ಮೈಲುತುತ್ತ ಕಲಸೋರಿದ್ದಾರೆ. ಅಡಿಕೆ ಔಷಧಿಗೆ ತಂದದ್ದು ಮನೇಲಿ ಇದ್ದೇ ಇರುತ್ತಲ್ಲ! ಬೇಡ, ಮೈದಾ ರುಚಿಗೆ ದನಗಳು ಪೋಸ್ಟರ್ ಕಿತ್ತು ತಿನ್ನುತ್ತವೆ, ಮೈಲುತುತ್ತ ವಿಷ.

ಗೋಡೆ ಮಾಲೀಕರ ಒಪ್ಪಿಗೆ ಸಾಲದು, ತೆರೆದ ಜಾಗಗಳ ಅಂದ ಕೆಡಿಸೋದನ್ನ ತಡೆಯುವ ಕರ್ನಾಟಕದ 1981ರ ಕಾಯ್ದೆ ಪ್ರಕಾರ ಪಾಲಿಕೆ ಅಥವಾ ನಗರಸಭೆ ಅನುಮತಿ ಬೇಕು. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ನಿಷಿದ್ಧ, ಬ್ಯಾನರ್ ಬೇಕಿದ್ದರೆ ಬಟ್ಟೆಯದ್ದು. ಸೆನ್ಸಾರ್ ಯುಎ (7+, 13+, 16+) ಅಥವಾ ಎ ಕೊಟ್ಟರೆ ಅದು ಪೋಸ್ಟರಲ್ಲೂ ಕಾಣಬೇಕು, ಹಾಗಾಗಿ ಸರ್ಟಿಫಿಕೇಟ್ ಕೈಗೆ ಬರೋ ತನಕ ಪ್ಲೇಟ್ ಮಾಡಿಸಬೇಡಿ.

ಮಂಡಗದ್ದೆ ಹಕ್ಕಿ:
ಪಿಎಸ್‌ಡಿ ಕಳಿಸಿದ್ರು. ತೆರೆದು ನೋಡಿದ್ರೆ ಒಂದೇ ಲೇಯರ್.

ನಾಲ್ಕು ಬಣ್ಣ:
ಜೆಪೆಗನ್ನೇ ಪಿಎಸ್‌ಡಿ ಅಂತ ಸೇವ್ ಮಾಡಿದ್ದಾರೆ. ಮೂಲ ಫೈಲ್ ಡ್ರೈವಲ್ಲಿ ಹಾಕೋಕೆ ಹೇಳಿ. ಇಮೇಜ್ ಸೈಜಲ್ಲಿ ಇನ್ನೂ 1080 ಅಂತಿದ್ದರೆ ವಾಪಸ್ ಕಳಿಸಿ.